ಬದುಕು ಕೋಣನಕುಂಟೆಯಲ್ಲಿ, ದಾಖಲೆ ಊರಲ್ಲಿ

ಸಂಜೆ ಮದ್ರಸಕ್ಕೆ ಬರುವ ಮಕ್ಕಳ ಸಮವಸ್ತ್ರ ನೋಡಿದರೆ ಸಾಕು, ಕೋಣನಕುಂಟೆಯ ಬ್ಯಾರಿ ಮನೆಗಳ ಸ್ಥಿತಿಗತಿ ಅಂದಾಜಾಗ್ತದೆ. ಒಬ್ಬ ಸರ್ಕಾರಿ ಶಾಲೆಯವನು, ಪಕ್ಕದವನು ಕಡಿಮೆ ಫೀಸಿನ ಖಾಸಗಿ ಶಾಲೆಯವನು, ಮತ್ತೊಬ್ಬಳು ಸಿಬಿಎಸ್‌ಇ ಶಾಲೆಯವಳು. ಶಾಲೆಯ ದಾಖಲೆಯಲ್ಲಿ ಮಾತೃಭಾಷೆ ಯಾವುದು ಅಂತ ಕೇಳಿದರೆ ಒಬ್ಬ ಉರ್ದು ಅಂತಾನೆ, ಇನ್ನೊಬ್ಬ ಕನ್ನಡ, ಮತ್ತೊಬ್ಬಳು ಮಲಯಾಳಂ. ಮನೆಯಲ್ಲಿ ಮೂವರೂ ಆಡುವುದು ಬ್ಯಾರಿ!

ಬೆಂಗಳೂರು ನಗರ ಜಿಲ್ಲೆಯನ್ನು ಶಿಕ್ಷಣ ಇಲಾಖೆ ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ಮಾಡಿದೆ. ನಮ್ಮದು ದಕ್ಷಿಣ. 2007ರಲ್ಲಿ ಬಿಬಿಎಂಪಿ ಆಗುವ ತನಕ ಕೋಣನಕುಂಟೆ ಮಹಾನಗರ ಪಾಲಿಕೆಯ ಹೊರಗೇ ಇತ್ತು. 2001ರಲ್ಲಿ 65 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷ ದಾಟಿತು. 2021ರಲ್ಲಿ ಕನಕಪುರ ರಸ್ತೆಯುದ್ದಕ್ಕೂ ಮೆಟ್ರೋ ಬಂತು. ಜನ ಬಂದಲ್ಲಿ ವ್ಯಾಪಾರ, ವ್ಯಾಪಾರ ಇದ್ದಲ್ಲಿ ಬ್ಯಾರಿ. ಮೊದಲು ಹುಡುಗರು ಬೇಕರಿ, ಜ್ಯೂಸ್ ಅಂಗಡಿ, ಹೋಟೆಲುಗಳಿಗೆ ಒಬ್ಬೊಬ್ಬರೇ ಬಂದರು. ಆಮೇಲೆ ಹೆಂಡತಿ ಮಕ್ಕಳು ಬಂದರು. ಈಗ ಶಾಲೆಯ ಚಿಂತೆ.

ದಕ್ಷಿಣ ಕನ್ನಡದಲ್ಲಿ 2011ರ ಜನಗಣತಿಯಂತೆ ನೂರಕ್ಕೆ 24 ಮಂದಿ ಮುಸ್ಲಿಮರು, ಇಡೀ ರಾಜ್ಯದಲ್ಲಿ ಸುಮಾರು 13. ಊರಲ್ಲಿ ನಾವು ಎದ್ದು ಕಾಣುತ್ತೇವೆ. ಇಲ್ಲಿ ಉರ್ದು ಮಾತಾಡುವ ಸಹೋದರರ ನಡುವೆ, ಬಾಡಿಗೆ ಮನೆಗಳಲ್ಲಿ ಚದುರಿ ಹೋಗಿದ್ದೇವೆ.

ಇನ್ನು ಗಳಿಕೆ. ದೇಶದ ಮುಸ್ಲಿಂ ದುಡಿಮೆಗಾರರಲ್ಲಿ ನೂರಕ್ಕೆ 61 ಮಂದಿ ಸ್ವಂತ ಉದ್ಯೋಗದವರು ಎಂದು 2006ರ ಸಾಚಾರ್ ವರದಿ ಹೇಳಿತ್ತು. ಸ್ವಂತ ಅಂಗಡಿ ಅಂದರೆ ಊರಲ್ಲಿ ಸಾಹುಕಾರ್ರು ಅಂತ ಲೆಕ್ಕ. ಇಲ್ಲಿನ ಲೆಕ್ಕ ಬೇರೆ ಮಾರಾಯ್ರೆ. ಅಂಗಡಿಗೆ ಅಡ್ವಾನ್ಸ್, ಬಾಡಿಗೆ, ಕೆಲಸದವರ ಸಂಬಳ, ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು. ಸಂಬಳದ ಚೀಟಿ ಇಲ್ಲ, ಪಿಎಫ್ ಇಲ್ಲ. ಮಳೆ ಹಿಡಿದರೆ ಜ್ಯೂಸ್ ಅಂಗಡಿಗೆ ಗಿರಾಕಿ ಇಲ್ಲ, ಶಾಲೆಯ ಫೀಸು ಕಟ್ಟುವುದೂ ಅದೇ ಜೂನ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗ ರಜೆಯಲ್ಲಿ ಗಲ್ಲಾದ ಹತ್ತಿರ ಕೂತವನು ಅಲ್ಲೇ ಉಳಿದುಬಿಡ್ತಾನೆ. "ಉಸ್ತಾದೇ, ಕೆಲಸದವರು ಸಿಗುವುದಿಲ್ಲ" ಎಂಬುದು ಉಪ್ಪನ ಉತ್ತರ.

ಅವನನ್ನು ಮುಂದೆ ಓದಿಸಬೇಕೆಂದರೆ ದಾಖಲೆ ಬೇಕು. ರೇಷನ್ ಕಾರ್ಡ್ ಬಂಟ್ವಾಳದ್ದು, ವೋಟು ಪುತ್ತೂರಲ್ಲಿ, ಆಧಾರ್ ವಿಳಾಸ ಬೆಳ್ತಂಗಡಿಯದ್ದು. 2ಬಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಬೇಕಾದಾಗ ಉಪ್ಪ ಅಂಗಡಿ ಬಾಗಿಲು ಹಾಕಿ ರಾತ್ರಿ ಬಸ್ಸು ಹತ್ತಬೇಕು. ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರ್ತದೆ.

ಮೊದಲಿದ್ದ ಅನುಕೂಲಗಳೂ ಕಡಿಮೆಯಾಗಿವೆ. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಎಂದು 2019ರಲ್ಲಿ ರಾಜ್ಯದ ನಿಯಮ ಬದಲಾಯಿತು. ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಉಳಿದಿರುವ 2ಬಿ ಮೀಸಲಾತಿ, ಹಾಸ್ಟೆಲ್, ವೃತ್ತಿಪರ ಕೋರ್ಸುಗಳ 'ಅರಿವು' ಸಾಲ ಎಲ್ಲದಕ್ಕೂ ಕಾಗದ ಸರಿಯಿರಬೇಕು.

2025ರಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬೆಂಗಳೂರಲ್ಲಿ ಅಕ್ಟೋಬರ್ 4ಕ್ಕೆ ಶುರುವಾಯಿತು. ಅದು ದಸರಾ ರಜೆಯ ಕಾಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬೀಗ, ಎಲ್ಲರೂ ಊರಲ್ಲಿ. ಈಗ ಜನಗಣತಿ ಬರ್ತಾ ಉಂಟು, ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಅದರಲ್ಲಿ ನಾವು ಸಾಮಾನ್ಯವಾಗಿ ವಾಸವಿರುವ ಮನೆಯೇ ಲೆಕ್ಕ, ರೇಷನ್ ಕಾರ್ಡಿನ ವಿಳಾಸ ಅಲ್ಲ. ಇಲ್ಲಿರುವವರು ಇಲ್ಲೇ ಬರೆಸಬೇಕು. ಮಾತೃಭಾಷೆಯ ಜಾಗದಲ್ಲಿ ಬ್ಯಾರಿ ಎಂದೇ ಹೇಳಬೇಕು. ಸರ್ಕಾರವೇ ಅಕಾಡೆಮಿ ಕೊಟ್ಟ ಭಾಷೆಯನ್ನು ಹೇಳಲು ನಾಚಿಕೆ ಎಂತದು?

ಆಧಾರ್ ವಿಳಾಸ ಇಲ್ಲಿಗೆ ಬದಲಾಯಿಸಿದರೆ ಊರಿನ ಸಂಬಂಧ ಕಡಿದುಹೋಗ್ತದೆ ಎಂಬ ಹೆದರಿಕೆ ಹಿರಿಯರಿಗೆ ಉಂಟು. ತರವಾಡು, ಕಬರಸ್ತಾನ, ಪೆರ್ನಾಲ್ ಎಲ್ಲ ಅಲ್ಲೇ ಇರ್ತದೆ. ವಿಳಾಸ ಬದಲಾದರೆ ಊರು ಬದಲಾಗುವುದಿಲ್ಲ. ಜಮಾಅತಿನವರು ವಾರಕ್ಕೊಂದು ರಾತ್ರಿ ಇಶಾ ನಮಾಝಿನ ನಂತರ ಒಂದು ಮೇಜು ಹಾಕಿ, ಓದಿದ ಇಬ್ಬರು ಮಕ್ಕಳನ್ನು ಕೂರಿಸಿದರೆ ಅರ್ಧ ಕೆಲಸ ಆಗ್ತದೆ.

ಕುರ್‌ಆನಿನ ಅತಿ ಉದ್ದದ ಆಯತ್, ಅಲ್‌ಬಖರಃ ಸೂರಃದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡಲು ಹೇಳುವಂಥದ್ದು. ವ್ಯಾಪಾರಿಗಳಾದ ನಮಗೆ ಅದು ಚೆನ್ನಾಗಿ ಗೊತ್ತು. ಅಂಗಡಿಯ ಉದ್ದರಿ ಲೆಕ್ಕವನ್ನು ತಪ್ಪದೆ ಬರೆದಿಡುವವರು ನಮ್ಮ ಮಕ್ಕಳ ಲೆಕ್ಕವನ್ನೂ ಸರಿಯಾಗಿ ಬರೆಸೋಣ. ಈ ವಾರ ಮನೆಯ ಕಾಗದಗಳನ್ನೆಲ್ಲ ಒಮ್ಮೆ ಹೊರಗೆ ತೆಗೆದು ನೋಡಿ. ಹೆಸರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಉಂಟಾ? ಇಲ್ಲದಿದ್ದರೆ ಅಲ್ಲಿಂದಲೇ ಶುರು ಮಾಡೋಣ, ಇನ್ಶಾ ಅಲ್ಲಾಹ್.