ಪರಭಾಷೆಯ ಪರೀಕ್ಷೆಗೆ ಸಿದ್ಧತೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕದ ಸಮೀಪ, ವಿದ್ಯಾರಣ್ಯಪುರದ ನೆರೆಯಲ್ಲಿ ಸಿಂಗಾಪುರವೆಂಬ ಊರೊಂದುಂಟು. ಹಿಂದೆ ಪ್ರತ್ಯೇಕ ಹಳ್ಳಿಯಾಗಿದ್ದ ಅದು ಇಂದು ನಗರದೊಳಗೆ ಸೇರಿಹೋಗಿದೆ. ಆ ಹೆಸರನ್ನು ಕೇಳಿದೊಡನೆ ಹೊಸಬರಿಗೆ ನೆನಪಾಗುವುದು ಕಡಲಾಚೆಯ ಇನ್ನೊಂದು ಸಿಂಗಾಪುರ. ಮಲಯ ಪರ್ಯಾಯದ್ವೀಪದ ತುದಿಯಲ್ಲಿರುವ ಆ ಪುಟ್ಟ ದ್ವೀಪರಾಷ್ಟ್ರದ ಹೆಸರೂ ನಮಗೆ ಅಪರಿಚಿತವಾದುದಲ್ಲ. ಸಂಸ್ಕೃತದ ‘ಸಿಂಹ’, ‘ಪುರ’ ಎಂಬ ಎರಡು ಪದಗಳು ಕೂಡಿ ಮಲಯ ಜನರ ಬಾಯಲ್ಲಿ ‘ಸಿಂಗಪುರ’ವಾದವು. ಉದ್ಯೋಗವನ್ನರಸಿ ಕಡಲು ದಾಟಿದ ಅನೇಕ ಕನ್ನಡ ಕುಟುಂಬಗಳು ಅಲ್ಲಿ ನೆಲಸಿವೆ. ಆ ದೇಶದ ಶಾಲೆಗಳಲ್ಲಿ ನಡೆಯುವ ಚೀನೀ ಭಾಷೆಯ ಪರೀಕ್ಷೆಯ ವಿಚಾರವನ್ನೂ, ಅದಕ್ಕೆ ಮಕ್ಕಳು ಮಾಡಿಕೊಳ್ಳಬೇಕಾದ ಸಿದ್ಧತೆಯನ್ನೂ ಈ ಪಾಠದಲ್ಲಿ ತಿಳಿಯೋಣ.

1965ರಲ್ಲಿ ಸ್ವತಂತ್ರವಾದ ಸಿಂಗಾಪುರದಲ್ಲಿ ಮಲಯ, ಚೀನೀ, ತಮಿಳು ಮತ್ತು ಇಂಗ್ಲಿಷ್ ಭಾಷೆಗಳಿಗೆ ಅಧಿಕೃತ ಸ್ಥಾನವಿದೆ. ಅಲ್ಲಿನ ಪ್ರಜೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಚೀನೀ ಮೂಲದವರು. ಶಾಲೆಯ ವಿಷಯಗಳನ್ನು ಇಂಗ್ಲಿಷಿನಲ್ಲಿ ಬೋಧಿಸುತ್ತಾರೆ. ಅದರೊಡನೆ ‘ಮಾತೃಭಾಷೆ’ ಎಂಬ ಹೆಸರಿನಲ್ಲಿ ಇನ್ನೊಂದು ಭಾಷೆಯನ್ನೂ ಕಲಿಯಬೇಕು. 1966ರಿಂದ ಪ್ರೌಢಶಾಲೆಗಳಲ್ಲಿಯೂ ಎರಡನೆಯ ಭಾಷೆ ಕಡ್ಡಾಯವಾಯಿತು. ಚೀನೀ, ಮಲಯ, ತಮಿಳುಗಳಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ ಮತ್ತು ಉರ್ದು ಭಾಷೆಗಳಿಗೂ ಮುಂದೆ ಅವಕಾಶ ದೊರೆಯಿತು. ಕನ್ನಡಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಆದುದರಿಂದ ಅಲ್ಲಿನ ಕನ್ನಡದ ಮಗು ತನ್ನ ಮನೆಯ ಮಾತಲ್ಲದ ಒಂದು ಭಾಷೆಯನ್ನು ‘ಮಾತೃಭಾಷೆ’ಯೆಂದು ಆರಿಸಿಕೊಳ್ಳಬೇಕಾಗುತ್ತದೆ. ಹಿಂದಿಯನ್ನೋ ತಮಿಳನ್ನೋ ಆರಿಸುವುದು ವಾಡಿಕೆ. ಭಾರತೀಯ ಮೂಲದ ಮಕ್ಕಳಲ್ಲಿ ಕೆಲವರು ಚೀನೀ ಭಾಷೆಯನ್ನೇ ಕೈಗೊಳ್ಳುವುದೂ ಉಂಟು.

ಹಾಗೆ ಕೈಗೊಂಡ ಮಗುವಿನ ಕಷ್ಟವನ್ನು ಊಹಿಸಿರಿ. ಮನೆಯಲ್ಲಿ ಪಾಠವನ್ನು ಒಪ್ಪಿಸಿಕೊಳ್ಳುವವರಿಲ್ಲ, ತಪ್ಪನ್ನು ತಿದ್ದುವವರಿಲ್ಲ. ತರಗತಿಯಲ್ಲಿ ಪಕ್ಕದಲ್ಲಿ ಕುಳಿತ ಗೆಳೆಯನು ಅಜ್ಜಿಯ ತೊಡೆಯ ಮೇಲೆ ಕೇಳಿ ಬೆಳೆದಿರಬಹುದಾದ ಮಾತನ್ನು ಈ ಮಗು ಪುಸ್ತಕದಿಂದ ಕಲಿಯಬೇಕು. ಪರೀಕ್ಷೆಯಾದರೋ ಇಬ್ಬರಿಗೂ ಒಂದೇ. ಹೀಗಿರುವಾಗ ಈ ಮಗು ಏನನ್ನು ನಂಬಿ ಸಿದ್ಧವಾಗಬೇಕು? ಇದಕ್ಕೆ ಉತ್ತರ ದೊರೆಯಬೇಕಾದರೆ ಚೀನೀ ಭಾಷೆಯ ಸ್ವರೂಪವನ್ನು ಮೊದಲು ಅರಿಯಬೇಕು.

ಕನ್ನಡದ ವರ್ಣಮಾಲೆಯಲ್ಲಿ 49 ವರ್ಣಗಳಿವೆ. ಅವುಗಳನ್ನೂ ಗುಣಿತಾಕ್ಷರ, ಒತ್ತಕ್ಷರಗಳನ್ನೂ ಕಲಿತ ಬಾಲಕನು ಎಂದೂ ಕೇಳದ ಪದವನ್ನಾದರೂ ಓದಬಲ್ಲನು. ಚೀನೀ ಲಿಪಿಯ ಸ್ಥಿತಿ ಹೀಗಲ್ಲ. ಅಲ್ಲಿ ವರ್ಣಮಾಲೆಯೇ ಇಲ್ಲ. ಒಂದೊಂದು ಲಿಪಿಚಿಹ್ನೆಯೂ ಸಾಮಾನ್ಯವಾಗಿ ಒಂದು ಉಚ್ಚಾರವನ್ನೂ ಒಂದು ಅರ್ಥವನ್ನೂ ಹೊತ್ತಿರುತ್ತದೆ. 1716ರಲ್ಲಿ ಮುಗಿದ ಕಾಂಗ್‌ಷಿ ನಿಘಂಟಿನಲ್ಲಿ ಇಂತಹ 47,000ಕ್ಕೂ ಹೆಚ್ಚು ಚಿಹ್ನೆಗಳಿವೆ. ಆದರೆ ಇವೆಲ್ಲವೂ ನಿತ್ಯದ ಬಳಕೆಯಲ್ಲಿಲ್ಲ. ಚೀನಾ ದೇಶವು 2013ರಲ್ಲಿ ಪ್ರಕಟಿಸಿದ ಪಟ್ಟಿಯು ಮೊದಲ ಹಂತದಲ್ಲಿ 3,500 ಚಿಹ್ನೆಗಳನ್ನು ಅತ್ಯಗತ್ಯವೆಂದು ಗುರುತಿಸಿದೆ.

ವರ್ಣಮಾಲೆಯಿಲ್ಲದಿದ್ದರೆ ಪರದೇಶದ ಹೆಸರುಗಳನ್ನು ಬರೆಯುವುದು ಹೇಗೆ? ನಮ್ಮ ನಾಡಿನ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. ಕ್ರಿ.ಶ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಹ್ಯೂಯೆನ್ ತ್ಸಾಂಗನು ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಸಂದರ್ಶಿಸಿ, ಆ ಅರಸನ ಪರಾಕ್ರಮವನ್ನು ಬಣ್ಣಿಸಿದನು. ಅರಸನ ಹೆಸರನ್ನು ಅವನು ‘ಪು-ಲೊ-ಕಿ-ಶೆ’ ಎಂದು ಧ್ವನಿಸುವ ನಾಲ್ಕು ಚಿಹ್ನೆಗಳನ್ನು ಜೋಡಿಸಿ ಬರೆದನು. ಅಂತೆಯೇ ಇಂದು ಸಿಂಗಾಪುರವೆಂಬ ಹೆಸರನ್ನು ಚೀನೀಯರು ಮೂರು ಚಿಹ್ನೆಗಳಲ್ಲಿ ಬರೆಯುತ್ತಾರೆ. ಅವುಗಳ ಅರ್ಥ ‘ಹೊಸ’, ‘ಕೂಡಿಸು’, ‘ಇಳಿಜಾರು’ ಎಂದಿದ್ದರೂ ಅಲ್ಲಿ ಬೇಕಾದುದು ಅರ್ಥವಲ್ಲ, ಧ್ವನಿ ಮಾತ್ರ. ಆ ಹ್ಯೂಯೆನ್ ತ್ಸಾಂಗನೂ ಪರಭಾಷೆಯ ವಿದ್ಯಾರ್ಥಿಯೇ ಆಗಿದ್ದನೆಂಬುದನ್ನು ಮರೆಯಬಾರದು. ನಾಲಂದದಲ್ಲಿ ವರ್ಷಗಟ್ಟಲೆ ಕುಳಿತು ಅವನು ಸಂಸ್ಕೃತ ಗ್ರಂಥಗಳನ್ನು ವ್ಯಾಸಂಗ ಮಾಡಿದನು.

ಸಾವಿರಾರು ಚಿಹ್ನೆಗಳನ್ನು ನೆನಪಿನಲ್ಲಿಡುವುದು ಅಸಾಧ್ಯವೆಂದು ತೋರಬಹುದು. ಆದರೆ ಅವು ಅಡ್ಡಾದಿಡ್ಡಿಯಾಗಿ ಗೀಚಿದ ಗೆರೆಗಳಲ್ಲ. ಅವುಗಳ ರಚನೆಯಲ್ಲಿ ಒಂದು ಕ್ರಮವಿದೆ. ಮರವನ್ನು ಸೂಚಿಸುವ ಚಿಹ್ನೆಯನ್ನು ಎರಡು ಸಲ ಬರೆದರೆ ‘ತೋಪು’, ಮೂರು ಸಲ ಬರೆದರೆ ‘ಕಾಡು’. ಸೂರ್ಯ, ಚಂದ್ರರ ಚಿಹ್ನೆಗಳು ಜೊತೆಗೂಡಿದರೆ ‘ಬೆಳಕುಳ್ಳ’ ಎಂಬ ಅರ್ಥ. ಮನುಷ್ಯನ ಚಿಹ್ನೆಯು ಮರದ ಚಿಹ್ನೆಗೆ ಒರಗಿದಂತಿದ್ದರೆ ‘ವಿಶ್ರಾಂತಿ’. ಎಡಬದಿಯಲ್ಲಿ ಮೂರು ಹನಿಗಳಂತಹ ಗುರುತು ಕಂಡರೆ ಅದು ನೀರಿಗೆ ಸಂಬಂಧಿಸಿದ ಪದವೆಂದು ಊಹಿಸಬಹುದು. ನದಿ, ಸರೋವರ, ಸಮುದ್ರ ಎಂಬ ಮೂರು ಚಿಹ್ನೆಗಳಲ್ಲಿಯೂ ಆ ಗುರುತಿದೆ. ಬಹುಪಾಲು ಚಿಹ್ನೆಗಳಲ್ಲಿ ಒಂದು ಭಾಗ ಅರ್ಥದ ಸುಳಿವನ್ನೂ ಮತ್ತೊಂದು ಭಾಗ ಧ್ವನಿಯ ಸುಳಿವನ್ನೂ ಕೊಡುತ್ತದೆ. ‘ತಾಯಿ’ ಎಂಬ ಚಿಹ್ನೆಯಲ್ಲಿ ‘ಹೆಣ್ಣು’ ಮತ್ತು ‘ಕುದುರೆ’ ಎಂಬ ಎರಡು ಭಾಗಗಳಿವೆ. ತಾಯಿಗೂ ಕುದುರೆಗೂ ಏನು ಸಂಬಂಧವೆಂದು ಬೆರಗಾಗಬೇಕಾದುದಿಲ್ಲ. ಎರಡೂ ಪದಗಳ ಧ್ವನಿ ‘ಮಾ’ ಎಂಬುದೇ ಅದಕ್ಕೆ ಕಾರಣ. ಹೀಗೆ ಬಿಡಿಸಿ ನೋಡುವ ವಿದ್ಯಾರ್ಥಿಯು ಸಾವಿರ ಚಿತ್ರಗಳನ್ನು ಬಾಯಿಪಾಠ ಮಾಡುವುದಿಲ್ಲ. ಕೆಲವೇ ಭಾಗಗಳಿಂದ ಸಾವಿರ ಚಿಹ್ನೆಗಳನ್ನು ಕಟ್ಟುವುದನ್ನು ಕಲಿಯುತ್ತಾನೆ.

ಗುರುತಿಸಲು ಕಣ್ಣು ಸಾಕು. ಬರೆಯಲು ಕೈ ಪಳಗಬೇಕು. ಚೀನೀ ಚಿಹ್ನೆಯ ಗೆರೆಗಳನ್ನು ಎಳೆಯುವುದಕ್ಕೆ ನಿಯಮವಿದೆ. ಮೇಲಿನದು ಮೊದಲು, ಕೆಳಗಿನದು ಅನಂತರ. ಎಡದ್ದು ಮೊದಲು, ಬಲದ್ದು ಅನಂತರ. ಅಡ್ಡಗೆರೆಯೂ ಉದ್ದಗೆರೆಯೂ ಹಾಯುವಲ್ಲಿ ಅಡ್ಡಗೆರೆಯೇ ಮೊದಲು. ಮಕ್ಕಳು ಚೌಕಳಿಯ ಪುಸ್ತಕದಲ್ಲಿ ಅಭ್ಯಾಸ ಮಾಡುತ್ತಾರೆ. ಒಂದೊಂದು ಚೌಕವನ್ನೂ ನಾಲ್ಕು ಭಾಗ ಮಾಡಿರುವುದರಿಂದ ಯಾವ ಗೆರೆ ಎಲ್ಲಿರಬೇಕೆಂಬುದು ತಿಳಿಯುತ್ತದೆ. ನಮ್ಮ ಹಿರಿಯರು ಮರಳಿನ ಮೇಲೆ ಅಕ್ಷರ ತಿದ್ದಿದುದೂ, ನಾವು ಕಾಪಿ ಪುಸ್ತಕದಲ್ಲಿ ಬರೆದುದೂ ಇದೇ ಅಭ್ಯಾಸದ ಬೇರೆ ರೂಪಗಳು. ಸಿಂಗಾಪುರದ ಶಾಲೆಗಳಲ್ಲಿ ಚೀನೀ ಭಾಷೆಯ ಉಕ್ತಲೇಖನವು ಮಕ್ಕಳಿಗೆ ಬಹು ಪರಿಚಿತವಾದುದು. ಬರೆಯುವ ಕಷ್ಟವನ್ನು ತಗ್ಗಿಸಲು ಚೀನಾದಲ್ಲಿ 1956ರಿಂದ ಅನೇಕ ಚಿಹ್ನೆಗಳನ್ನು ಸರಳಗೊಳಿಸಿದರು. ಸಿಂಗಾಪುರವು 1969ರಿಂದ ಆ ದಾರಿಯನ್ನು ಹಿಡಿಯಿತು. ಹಿಂದೆ ಹತ್ತು ಗೆರೆಗಳಿದ್ದ ‘ಕುದುರೆ’ಯನ್ನು ಈಗ ಮೂರೇ ಗೆರೆಗಳಲ್ಲಿ ಬರೆಯಬಹುದು.

ಇನ್ನು ಉಚ್ಚಾರದ ವಿಷಯ. ಕನ್ನಡದಲ್ಲಿ ‘ಕಡು’ ಎಂಬುದನ್ನು ದೀರ್ಘವಾಗಿ ನುಡಿದರೆ ‘ಕಾಡು’ ಆಗಿ ಅರ್ಥವೇ ಬದಲಾಗುತ್ತದೆ. ಚೀನೀ ಭಾಷೆಯಲ್ಲಿ ಧ್ವನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆ. ‘ಮಾ’ ಎಂಬುದನ್ನು ಎತ್ತರದ ಸ್ವರದಲ್ಲಿ ಸಮನಾಗಿ ನುಡಿದರೆ ‘ತಾಯಿ’. ಪ್ರಶ್ನೆ ಕೇಳುವಂತೆ ಏರಿಸಿದರೆ ‘ಸೆಣಬು’. ಇಳಿಸಿ ಮತ್ತೆ ಏರಿಸಿದರೆ ‘ಕುದುರೆ’. ಗದರಿಸುವಂತೆ ಥಟ್ಟನೆ ಇಳಿಸಿದರೆ ‘ಬಯ್ಯು’. ಈ ಭೇದವನ್ನು ಕಿವಿಯಿಂದ ಕೇಳಿ, ಬಾಯಿಯಿಂದ ನುಡಿದು ಕಲಿಯಬೇಕಲ್ಲದೆ ಮೌನವಾಗಿ ಓದಿ ಕಲಿಯಲಾಗದು.

ಇಲ್ಲಿ ಕನ್ನಡದ ಮಗುವಿಗೆ ಒಂದು ಅನುಕೂಲವೂ ಒಂದು ತೊಡಕೂ ಇದೆ. ಉಚ್ಚಾರವನ್ನು ಕಲಿಸಲು 1958ರಿಂದ ಚೀನಾದಲ್ಲಿ ರೋಮನ್ ಲಿಪಿಯ ಒಂದು ಪದ್ಧತಿ ಜಾರಿಯಲ್ಲಿದೆ. ಸಿಂಗಾಪುರದಲ್ಲಿಯೂ ಅದೇ ಬಳಕೆಯಾಗುತ್ತದೆ. ಅದರಲ್ಲಿ ‘ಬಿ’ ಅಕ್ಷರದಿಂದ ಬರೆದುದನ್ನು ಅಲ್ಪಪ್ರಾಣವಾದ ‘ಪ’ ಎಂದೂ, ‘ಪಿ’ ಅಕ್ಷರದಿಂದ ಬರೆದುದನ್ನು ತುಟಿ ಕೂಡಿಸಿ ಉಸಿರು ಹೊರಡಿಸುವ ಮಹಾಪ್ರಾಣ ‘ಫ’ ಎಂದೂ ನುಡಿಯಬೇಕು. ಅಕ್ಷರವನ್ನು ಇಂಗ್ಲಿಷಿನಂತೆ ಓದಿದರೆ ಉಚ್ಚಾರ ಕೆಡುತ್ತದೆ, ಇದೇ ತೊಡಕು. ಆದರೆ ಅಲ್ಪಪ್ರಾಣ, ಮಹಾಪ್ರಾಣಗಳ ಭೇದವನ್ನು ವರ್ಗೀಯ ವ್ಯಂಜನಗಳಲ್ಲಿ ಕಲಿತ ಮಗುವಿಗೆ ಇದು ಬೇಗನೆ ಮನದಟ್ಟಾಗುತ್ತದೆ, ಇದು ಅನುಕೂಲ.

ವ್ಯಾಕರಣದಲ್ಲಿಯೂ ಮನೆಯ ಮಾತು ನೆರವಾಗುತ್ತದೆ. ಚೀನೀ ಭಾಷೆಯಲ್ಲಿ ನಮ್ಮಂತೆ ವಿಭಕ್ತಿಪ್ರತ್ಯಯಗಳಿಲ್ಲ. ಲಿಂಗ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. ಆದರೆ ಎಣಿಸುವಾಗ ಎಣಿಸುವ ವಸ್ತುವಿಗೆ ತಕ್ಕ ಒಂದು ಪದವನ್ನು ಸೇರಿಸಬೇಕು. ಪುಸ್ತಕಕ್ಕೆ ಒಂದು, ಕಾಗದದ ಹಾಳೆಗೆ ಇನ್ನೊಂದು. ಇದು ವಿಚಿತ್ರವೆನಿಸಿದರೆ ನಮ್ಮ ನುಡಿಯನ್ನೇ ನೋಡೋಣ. ‘ಎರಡು ಮರ’ ಎನ್ನುವ ನಾವು ‘ಎರಡು ಹುಡುಗರು’ ಎನ್ನದೆ ‘ಇಬ್ಬರು ಹುಡುಗರು’ ಎನ್ನುತ್ತೇವೆ. ಸೊಪ್ಪನ್ನು ಕಟ್ಟಿನಿಂದಲೂ ಹೂವನ್ನು ಮೊಳದಿಂದಲೂ ಲೆಕ್ಕಹಾಕುತ್ತೇವೆ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ವರಿಗೂ ಚೀನೀ ಭಾಷೆಯಲ್ಲಿ ಬೇರೆ ಬೇರೆ ಪದಗಳಿವೆ. ಹಿರಿಯರನ್ನೂ ಕಿರಿಯರನ್ನೂ ಒಂದೇ ಪದದಿಂದ ಕರೆಯುವ ಇಂಗ್ಲಿಷಿಗಿಂತ ಈ ವಿಷಯದಲ್ಲಿ ಕನ್ನಡವೇ ಚೀನೀ ಭಾಷೆಗೆ ಹತ್ತಿರ.

ಪರೀಕ್ಷೆಯ ರೀತಿಯನ್ನು ಈಗ ನೋಡೋಣ. ಸಿಂಗಾಪುರದಲ್ಲಿ 1960ರಿಂದ ಪ್ರಾಥಮಿಕ ಶಾಲೆಯ ಆರನೆಯ ವರ್ಷದ ಕೊನೆಗೆ ಒಂದು ಸಾರ್ವತ್ರಿಕ ಪರೀಕ್ಷೆ ನಡೆಯುತ್ತಿದೆ. ಪ್ರೌಢಶಾಲೆಯ ಕೊನೆಗೆ ಮತ್ತೊಂದು. ಭಾಷಾಪರೀಕ್ಷೆಯಲ್ಲಿ ಪ್ರಬಂಧರಚನೆ, ಭಾಷೆಯ ಬಳಕೆ ಮತ್ತು ಗ್ರಹಿಕೆ, ಗಟ್ಟಿಯಾಗಿ ಓದುವುದು ಹಾಗೂ ಸಂಭಾಷಣೆ, ಆಲಿಸಿ ಅರಿಯುವುದು ಎಂಬ ಭಾಗಗಳಿರುತ್ತವೆ. ಸುಮಾರು ಮೂರನೆಯ ಒಂದು ಪಾಲಿನಷ್ಟು ಅಂಕಗಳು ಮಾತಿಗೂ ಆಲಿಕೆಗೂ ಮೀಸಲು. ಆದುದರಿಂದ ಬಾಯಿ ತೆರೆಯದೆ ಬರೆದುಬರೆದು ಕಲಿತವನು ಆ ಅಂಕಗಳನ್ನು ಕಳೆದುಕೊಳ್ಳುತ್ತಾನೆ. ಪ್ರಬಂಧ ಬರೆಯುವಾಗ ಅನುಮತಿಯುಳ್ಳ ನಿಘಂಟನ್ನು ಬಳಸಬಹುದು. ಆದರೆ ಪದಪದಕ್ಕೂ ಅದನ್ನು ತೆರೆಯುವವನಿಗೆ ಕಾಲ ಸಾಲದು.

ಈ ಬಗೆಯ ಪರೀಕ್ಷೆಗೆ ಒಂದು ವಾರದ ಓದು ಎಂದಿಗೂ ಸಾಲದು. ದಿನಕ್ಕೆ ಐದು ಚಿಹ್ನೆಗಳನ್ನು ಕಲಿತರೆ ಇನ್ನೂರು ದಿನಗಳಲ್ಲಿ ಸಾವಿರವಾಗುತ್ತವೆ. ಅದೇ ಸಾವಿರವನ್ನು ಕೊನೆಯ ಹತ್ತು ದಿನಗಳಿಗೆ ಬಿಟ್ಟರೆ ದಿನಕ್ಕೆ ನೂರಾಗುತ್ತವೆ. ಕಲಿತುದು ಉಳಿಯಬೇಕಾದರೆ ಮತ್ತೆ ಮತ್ತೆ ಮೆಲುಕು ಹಾಕಬೇಕು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸನು 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ಕಲಿತುದರ ಬಹುಭಾಗ ಮೊದಲ ಕೆಲವು ಗಂಟೆಗಳಲ್ಲಿ ಮತ್ತು ದಿನಗಳಲ್ಲಿಯೇ ಮರೆತುಹೋಗುವುದೆಂದೂ, ಅಭ್ಯಾಸವನ್ನು ಹಲವು ದಿನಗಳಿಗೆ ಹಂಚಿದರೆ ಶ್ರಮ ಕಡಿಮೆಯಾಗುವುದೆಂದೂ ತಿಳಿದುಬಂತು. ಇಂದು ಕಲಿತುದನ್ನು ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಮತ್ತೊಮ್ಮೆ ಪುಸ್ತಕ ನೋಡದೆ ಬರೆಯುವುದು ಉತ್ತಮ ಕ್ರಮ. ತಪ್ಪಿದುದನ್ನು ಮಾತ್ರ ಬೇರೊಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಪರೀಕ್ಷೆಯ ಹಿಂದಿನ ದಿನ ಅಷ್ಟನ್ನೇ ನೋಡಬಹುದು. ದಿನವೂ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಆ ಭಾಷೆ ಬಲ್ಲ ಗೆಳೆಯನೊಡನೆ ನಾಲ್ಕು ಮಾತನಾಡಬೇಕು. ತಪ್ಪಿದಾಗ ಅವನು ನಕ್ಕರೆ ತಾನೂ ನಕ್ಕು ತಿದ್ದಿಕೊಳ್ಳಬೇಕು.

ಚೀನೀ ಭಾಷೆಯಲ್ಲಿ ನಾಲ್ಕು ಚಿಹ್ನೆಗಳ ನಾಣ್ಣುಡಿಗಳು ಬಹಳ. ಅವುಗಳಲ್ಲೊಂದರ ಹಿಂದೆ ಪ್ರಾಚೀನವಾದ ಕಥೆಯಿದೆ. ಹೊಲ ಉಳುತ್ತಿದ್ದ ರೈತನೊಬ್ಬನ ಕಣ್ಣೆದುರಿಗೆ, ಓಡಿಬಂದ ಮೊಲವೊಂದು ಮರದ ಮೋಟಿಗೆ ಬಡಿದು ಸತ್ತುಬಿತ್ತು. ಶ್ರಮವಿಲ್ಲದೆ ಮೊಲ ದೊರೆಯಿತೆಂದು ಹಿಗ್ಗಿದ ರೈತನು ಅಂದಿನಿಂದ ಉಳುಮೆಯನ್ನೇ ಬಿಟ್ಟು ಆ ಮೋಟಿನ ಬಳಿ ಕಾದು ಕುಳಿತನು. ಮತ್ತೊಂದು ಮೊಲ ಬರಲಿಲ್ಲ; ಊರೆಲ್ಲ ಅವನನ್ನು ಕಂಡು ನಕ್ಕಿತು. ‘ಬರಬಹುದಾದ ಪ್ರಶ್ನೆ’ಗಳನ್ನು ಮಾತ್ರ ಓದಿ ಅದೃಷ್ಟವನ್ನು ಕಾಯುವ ವಿದ್ಯಾರ್ಥಿಯೂ ಆ ರೈತನ ನೆರೆಯವನೇ.

ಪರಭಾಷೆಯ ಕಲಿಕೆಗೆ ವಯಸ್ಸಾಗಲಿ ಪದವಿಯಾಗಲಿ ಅಡ್ಡಿಯಲ್ಲವೆಂಬುದಕ್ಕೆ ಸಿಂಗಾಪುರದ ಮೊದಲ ಪ್ರಧಾನಮಂತ್ರಿ ಲೀ ಕ್ವಾನ್ ಯೂ ಅವರೇ ಸಾಕ್ಷಿ. ಚೀನೀ ಮೂಲದವರಾದರೂ ಅವರು ಬಾಲ್ಯದಲ್ಲಿ ಇಂಗ್ಲಿಷನ್ನೂ ಮಲಯವನ್ನೂ ಆಡಿ ಬೆಳೆದವರು. ಜನರೊಡನೆ ಮಾತನಾಡಬೇಕೆಂದು ಮೂವತ್ತು ದಾಟಿದ ಮೇಲೆ ಚೀನೀ ಭಾಷೆಯನ್ನು ಶ್ರದ್ಧೆಯಿಂದ ಕಲಿಯತೊಡಗಿದರು. ಇಳಿವಯಸ್ಸಿನಲ್ಲಿಯೂ ಶಿಕ್ಷಕರನ್ನಿಟ್ಟುಕೊಂಡು ಅಭ್ಯಾಸ ಮುಂದುವರಿಸಿದರು. ದ್ವಿಭಾಷಾ ಕಲಿಕೆಯ ಕುರಿತು 2011ರಲ್ಲಿ ಹೊರತಂದ ಗ್ರಂಥದಲ್ಲಿ ಅವರು ಅದನ್ನು ಜೀವಮಾನದ ಸವಾಲೆಂದೇ ಕರೆದಿದ್ದಾರೆ.

ಕಡಲಾಚೆಯ ಮಗುವಿನ ಈ ಕಥೆ ನಮಗೂ ಸಂಬಂಧಿಸಿದುದೇ. ನಮ್ಮ ತರಗತಿಗಳಲ್ಲಿಯೂ ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ತೆಲುಗು ಅಥವಾ ಲಂಬಾಣಿ ನುಡಿಯನ್ನಾಡಿ, ಶಾಲೆಯಲ್ಲಿ ಕನ್ನಡದ ಪರೀಕ್ಷೆ ಬರೆಯುವ ಗೆಳೆಯರಿದ್ದಾರೆ. ನಮಗೆ ತಾನಾಗಿ ಬಂದ ಮಾತನ್ನು ಅವರು ದುಡಿದು ಗಳಿಸುತ್ತಾರೆ. ಅವರ ಉಚ್ಚಾರ ತಪ್ಪಿದಾಗ ಹಾಸ್ಯ ಮಾಡದೆ ನೆರವಾಗುವುದು ನಮ್ಮ ಕರ್ತವ್ಯ. ಹೊಸ ಭಾಷೆಯನ್ನು ಕಲಿಯುವವನು ತನ್ನ ಮನೆಯ ಭಾಷೆಯನ್ನು ತೊರೆಯಬೇಕಾದುದೂ ಇಲ್ಲ. ಮಹಾಪ್ರಾಣವನ್ನು ಕಲಿಸಿದ, ಅಣ್ಣತಮ್ಮಂದಿರನ್ನು ಬೇರೆ ಬೇರೆ ಹೆಸರಿನಿಂದ ಕರೆಯಲು ಕಲಿಸಿದ ಆ ಭಾಷೆಯೇ ಅವನ ಮೂಲಧನ. ಅದನ್ನು ಜತನದಿಂದ ಇಟ್ಟುಕೊಂಡು, ದಿನಕ್ಕಿಷ್ಟೆಂದು ದುಡಿಯುವವನಿಗೆ ಯಾವ ಭಾಷೆಯ ಪರೀಕ್ಷೆಯೂ ಭಯವನ್ನುಂಟುಮಾಡಲಾರದು.

ಅಭ್ಯಾಸ

1. ಸಿಂಗಾಪುರದ ಶಾಲೆಗಳಲ್ಲಿ ಕನ್ನಡದ ಮಗು ಎದುರಿಸುವ ತೊಂದರೆ ಯಾವುದು?
2. ಹ್ಯೂಯೆನ್ ತ್ಸಾಂಗನು ಪುಲಿಕೇಶಿಯ ಹೆಸರನ್ನು ಹೇಗೆ ಬರೆದನು? ಅದರಿಂದ ಚೀನೀ ಲಿಪಿಯ ಯಾವ ಲಕ್ಷಣ ತಿಳಿಯುತ್ತದೆ?
3. ಚೀನೀ ಭಾಷೆಯನ್ನು ಕಲಿಯುವಾಗ ಕನ್ನಡದ ಅರಿವು ಹೇಗೆ ನೆರವಾಗುತ್ತದೆ? ಮೂರು ನಿದರ್ಶನಗಳನ್ನು ಕೊಡಿರಿ.
4. ಮೊಲಕ್ಕಾಗಿ ಕಾದ ರೈತನ ಕಥೆಯನ್ನು ನಿಮ್ಮ ಮಾತುಗಳಲ್ಲಿ ಬರೆದು, ಅದು ವಿದ್ಯಾರ್ಥಿಗಳಿಗೆ ಹೇಗೆ ಅನ್ವಯಿಸುತ್ತದೆಂದು ವಿವರಿಸಿರಿ.
5. ನಿಮ್ಮ ತರಗತಿಯ ಗೆಳೆಯರು ಮನೆಯಲ್ಲಿ ಆಡುವ ಭಾಷೆಗಳ ಪಟ್ಟಿಯನ್ನು ಮಾಡಿ, ‘ತಾಯಿ’ ಮತ್ತು ‘ನೀರು’ ಎಂಬುದಕ್ಕೆ ಆ ಭಾಷೆಗಳಲ್ಲಿರುವ ಪದಗಳನ್ನು ಸಂಗ್ರಹಿಸಿರಿ.