ಕಾಲೇಜಿಗೆ ಹೋಗುವ ಮಗಳ ಅಲಂಕಾರ ಮತ್ತು ಆರೋಗ್ಯ

ನಮ್ಮ ಗ್ರಾಮಗಳ ಹೆಣ್ಣುಮಕ್ಕಳು ಹಿಂದೆಂದಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಹೋಬಳಿ ಮತ್ತು ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಹೋಗುತ್ತಿದ್ದಾರೆ. 2023ರ ಜೂನ್ ತಿಂಗಳಿನಲ್ಲಿ ಶಕ್ತಿ ಯೋಜನೆಯು ಜಾರಿಗೆ ಬಂದ ಮೇಲೆ ಬಸ್ಸಿನ ಖರ್ಚಿನ ಚಿಂತೆಯೂ ಅನೇಕ ಕುಟುಂಬಗಳಿಗೆ ತಗ್ಗಿತು. ಹೀಗೆ ಕಾಲೇಜು ಸೇರಿದ ಮಗಳಲ್ಲಿ ಕೆಲವು ಹೊಸ ಅಭಿರುಚಿಗಳು ಕಾಣಿಸಿಕೊಳ್ಳುವುದು ಸಹಜ. ಅವಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾಳೆ. ಹುಬ್ಬನ್ನು ತಿದ್ದಿಸಿಕೊಳ್ಳುತ್ತಾಳೆ. ಮುಖಕ್ಕೆ ಕ್ರೀಮು, ತುಟಿಗೆ ಬಣ್ಣ, ಹೊಸ ಮಾದರಿಯ ಉಡುಪು ಬೇಕೆನ್ನುತ್ತಾಳೆ. ಮೊಬೈಲಿನಲ್ಲಿ ಚಿತ್ರಗೀತೆಗಳನ್ನೂ ದೂರದ ಕೊರಿಯಾ ದೇಶದ ಗಾಯಕರ ಹಾಡುಗಳನ್ನೂ ಕೇಳುತ್ತಾಳೆ.

ಇದನ್ನು ಕಂಡ ಹಿರಿಯರಿಗೆ ಆತಂಕವಾಗುತ್ತದೆ. "ಇವಳು ಓದುವುದಕ್ಕೆ ಹೋಗುತ್ತಾಳೋ, ಸಿಂಗಾರಕ್ಕೆ ಹೋಗುತ್ತಾಳೋ?" ಎಂಬ ಮಾತು ಬರುತ್ತದೆ. ಕೆಲವು ಮನೆಗಳಲ್ಲಿ ಕಾಲೇಜು ಬಿಡಿಸಿ ಮದುವೆ ಮಾಡಿಬಿಡುವ ಯೋಚನೆಯೂ ಮೂಡುತ್ತದೆ. ಈ ಸಂದರ್ಭದಲ್ಲಿ ತಾಯಿತಂದೆಯರು ಕೂಡಿ ಕುಳಿತು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಅಲಂಕಾರದ ಆಸೆ ಒಂದು. ಅಲಂಕಾರದ ಹೆಸರಿನಲ್ಲಿ ಮನೆಯೊಳಗೆ ಬರುವ ಕೆಲವು ಅಪಾಯಕರ ವಸ್ತುಗಳು ಮತ್ತೊಂದು. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಎರಡನೆಯದನ್ನು ಅರಿತು ದೂರವಿಡಬೇಕು.

ಇದು ಹೊಸ ಸಂಗತಿಯಲ್ಲ

ಪ್ರತಿಯೊಂದು ತಲೆಮಾರಿನ ತರುಣರಿಗೂ ತಮ್ಮದೇ ಆದ ಷೋಕಿ ಇತ್ತು. ಇಂದು ಅಜ್ಜಿಯರಾಗಿರುವವರು 1970ರ ದಶಕದಲ್ಲಿ ನಟಿ ಕಲ್ಪನಾ ಅವರ ಸೀರೆ, ರವಿಕೆ, ತುರುಬುಗಳ ಮಾದರಿಯನ್ನು ಮೆಚ್ಚಿ ಅನುಕರಿಸಿದರು. ಅಂದಿನ ಹುಡುಗರು ಉದ್ದ ಕೂದಲು ಬಿಟ್ಟು, ಪಾದದ ಬಳಿ ಅಗಲವಾಗಿರುವ ಬೆಲ್ ಬಾಟಮ್ ಷರಾಯಿ ತೊಟ್ಟರು. ಅವರ ಹಿರಿಯರೂ ಗೊಣಗಿದರು. ಆದರೂ ಆ ಹುಡುಗ ಹುಡುಗಿಯರೇ ಮುಂದೆ ಹೊಲ ಮನೆ ನಡೆಸಿ, ಮಕ್ಕಳನ್ನು ಬೆಳೆಸಿದರು.

ಹದಿಹರೆಯದಲ್ಲಿ ದೇಹವು ವೇಗವಾಗಿ ಬದಲಾಗುತ್ತದೆ. ತಾನು ಇತರರ ಕಣ್ಣಿಗೆ ಹೇಗೆ ಕಾಣುತ್ತೇನೆಂಬ ಕುತೂಹಲವು ಈ ಬದಲಾವಣೆಯ ಜೊತೆಯಲ್ಲಿಯೇ ಬರುತ್ತದೆ. ಅದು ನಡತೆ ಕೆಟ್ಟಿತೆಂಬುದರ ಗುರುತಲ್ಲ. ಶುಚಿಯಾಗಿರಬೇಕು, ಅಂದವಾಗಿ ಕಾಣಬೇಕು ಎಂಬ ಆಸೆಯನ್ನು ಆರೋಗ್ಯದ ಕಡೆಗೆ ತಿರುಗಿಸಲು ಇದೇ ಸುಸಮಯ.

ಬಿಳುಪಿನ ಆಸೆ ಎಲ್ಲಿಂದ ಬರುತ್ತದೆ?

ಅಲಂಕಾರದ ವಸ್ತುಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಮುಖವನ್ನು ಬೆಳ್ಳಗೆ ಮಾಡುತ್ತೇವೆಂದು ಮಾರುವ ಕ್ರೀಮುಗಳ ವಿಷಯ. ನಮ್ಮ ದೇಶದಲ್ಲಿ ಬಹು ಪ್ರಸಿದ್ಧವಾದ ಅಂತಹ ಒಂದು ಕ್ರೀಮು 1975ರಲ್ಲಿ ಮಾರುಕಟ್ಟೆಗೆ ಬಂದಿತು. 2020ರಲ್ಲಿ ಅದರ ತಯಾರಕರು ಹೆಸರಿನಿಂದ ಬಿಳುಪನ್ನು ಸೂಚಿಸುವ ಪದವನ್ನು ಕೈಬಿಟ್ಟರು. ಹೆಸರು ಬದಲಾದರೂ ಜನರ ಮನಸ್ಸಿನ ಆಸೆ ಇನ್ನೂ ಬದಲಾಗಿಲ್ಲ.

ಈ ಆಸೆಯನ್ನು ಮಗಳು ಕಾಲೇಜಿನಿಂದಲೇ ತಂದಳೆಂದು ಹೇಳಲಾಗದು. ಬಹಳಷ್ಟು ಸಲ ಅದು ಮನೆಯಲ್ಲಿಯೇ ಹುಟ್ಟುತ್ತದೆ. ಕೂಸು ಹುಟ್ಟಿದ ದಿನವೇ "ಬಣ್ಣ ಸ್ವಲ್ಪ ಕಡಿಮೆ" ಎನ್ನುವವರಿದ್ದಾರೆ. ಹೆಣ್ಣು ನೋಡಲು ಬಂದವರು ಬಣ್ಣದ ಮಾತೆತ್ತುತ್ತಾರೆ. ಅಕ್ಕತಂಗಿಯರ ಬಣ್ಣವನ್ನು ಅವರ ಎದುರಿನಲ್ಲಿಯೇ ಹೋಲಿಸುತ್ತಾರೆ. ಇಂತಹ ಮಾತು ಕೇಳುತ್ತಾ ಬೆಳೆದ ಹುಡುಗಿಯು ಕೈಗೆ ನಾಲ್ಕು ಕಾಸು ಬಂದೊಡನೆ ಕ್ರೀಮು ಕೊಂಡರೆ ತಪ್ಪು ಅವಳೊಬ್ಬಳದೇ ಹೇಗಾದೀತು?

ಚರ್ಮದ ಬಣ್ಣಕ್ಕೆ ಕಾರಣ ಮೆಲನಿನ್ ಎಂಬ ವಸ್ತು. ಇದು ಬಿಸಿಲಿನ ಹಾನಿಕರ ಕಿರಣಗಳಿಂದ ಚರ್ಮವನ್ನು ಕಾಪಾಡುತ್ತದೆ. ಇದು ಎಷ್ಟಿರಬೇಕೆಂಬುದು ಮುಖ್ಯವಾಗಿ ತಾಯಿತಂದೆಯರಿಂದ ಬಂದ ಗುಣ. ಕಪ್ಪು ಬಣ್ಣವು ರೋಗವಲ್ಲ. ರೋಗವಲ್ಲದ್ದಕ್ಕೆ ಔಷಧ ಬೇಕಾಗಿಲ್ಲ.

ಅಪಾಯಕರ ಮುಲಾಮುಗಳು

"ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬ ಗಾದೆಯು ಈ ಮುಲಾಮುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇವುಗಳಲ್ಲಿ ಎರಡು ಬಗೆಯವು ವಿಶೇಷವಾಗಿ ಹಾನಿಕರ.

ಮೊದಲನೆಯದು, ಸ್ಟೀರಾಯ್ಡ್ ಸೇರಿದ ಮುಲಾಮು. ಕೆಲವು ಚರ್ಮರೋಗಗಳಿಗೆ ವೈದ್ಯರು ಇದನ್ನು ಅಲ್ಪ ಕಾಲಕ್ಕೆ ಬರೆದುಕೊಡುತ್ತಾರೆ. ಆದರೆ ಗೆಳತಿಯ ಮಾತು ಕೇಳಿಯೋ ಅಂಗಡಿಯವರ ಸಲಹೆಯಿಂದಲೋ ಇದನ್ನು ಮುಖಕ್ಕೆ ದಿನವೂ ಹಚ್ಚುವವರಿದ್ದಾರೆ. ಮೊದಲ ಕೆಲವು ವಾರ ಮುಖವು ತಿಳಿಯಾಗಿ ಕಾಣುತ್ತದೆ. ಅನಂತರ ಚರ್ಮವು ತೆಳುವಾಗುತ್ತದೆ, ಕೆಂಪು ನರಗಳು ಕಾಣಿಸುತ್ತವೆ, ಮೊಡವೆಗಳು ಏಳುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಹಚ್ಚುವುದನ್ನು ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ. ಆ ಉರಿ ತಾಳಲಾರದೆ ಹುಡುಗಿಯು ಮತ್ತೆ ಅದನ್ನೇ ಹಚ್ಚುತ್ತಾಳೆ. ಹೀಗೆ ಚರ್ಮವು ಮುಲಾಮಿಗೆ ದಾಸನಾಗುತ್ತದೆ.

2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕೊಳವೆಯ ಮೇಲೆ ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ಇಂಗ್ಲಿಷ್ ಅಕ್ಷರಗಳನ್ನು ಓದಲು ಮಗಳ ನೆರವನ್ನೇ ಪಡೆಯಿರಿ. ಹುಳುಕಡ್ಡಿಗೆಂದು ಮನೆಯ ಗಂಡಸರು ತರುವ ಮುಲಾಮಿನಲ್ಲಿಯೂ ಇದೇ ವಸ್ತು ಇರಬಹುದು. ತುರಿಕೆ ತಾತ್ಕಾಲಿಕವಾಗಿ ತಗ್ಗಿದರೂ ಹುಳುಕಡ್ಡಿಯು ಒಳಗೊಳಗೇ ಹರಡುತ್ತದೆ.

ಎರಡನೆಯದು, ಪಾದರಸ ಬೆರೆತ ಕ್ರೀಮು. ನಮ್ಮ ದೇಶದ 2020ರ ಪ್ರಸಾಧನ ನಿಯಮಗಳ ಪ್ರಕಾರ ಪಾದರಸ ಸೇರಿಸಿ ಕ್ರೀಮು ತಯಾರಿಸುವುದು ನಿಷಿದ್ಧ. ಆದರೂ ತಯಾರಕರ ಹೆಸರು ವಿಳಾಸಗಳಿಲ್ಲದ ಡಬ್ಬಿಗಳು ಕಳ್ಳದಾರಿಯಿಂದ ಬರುತ್ತವೆ. ಪಾದರಸವು ಚರ್ಮದ ಮೂಲಕ ದೇಹವನ್ನು ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರವರೆಗೆ ಮೂತ್ರಪಿಂಡದ ಒಂದು ಕಾಯಿಲೆಯಿಂದ ಬಂದ ರೋಗಿಗಳನ್ನು ವೈದ್ಯರು ವಿಚಾರಿಸಿದಾಗ, ಅವರಲ್ಲಿ ಅನೇಕರು ಬಿಳುಪಿನ ಕ್ರೀಮು ಬಳಸುತ್ತಿದ್ದುದು ತಿಳಿದುಬಂದಿತು. ಪಾದಗಳ ಊತ, ನೊರೆನೊರೆಯಾದ ಮೂತ್ರ ಇದರ ಲಕ್ಷಣಗಳು. ಗರ್ಭಿಣಿಯು ಇಂತಹ ಕ್ರೀಮು ಹಚ್ಚಿದರೆ ಪಾದರಸವು ಗರ್ಭದಲ್ಲಿರುವ ಶಿಶುವನ್ನೂ ಸೇರಿ ಅದರ ಮಿದುಳಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಆದುದರಿಂದ ಮಗಳ ಡಬ್ಬಿಯನ್ನು ತಾಯಿಯೂ ಸೊಸೆಯೂ ಹಂಚಿಕೊಳ್ಳುವ ಮನೆಗಳಲ್ಲಿ ಹೆಚ್ಚಿನ ಎಚ್ಚರ ಬೇಕು.

ಮಗಳು ಇಂತಹ ಮುಲಾಮನ್ನು ಬಹುಕಾಲದಿಂದ ಬಳಸುತ್ತಿದ್ದರೆ ಬೈದು ಕಿತ್ತೆಸೆಯಬೇಡಿ. ಮುಲಾಮಿನ ಸಮೇತ ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಬಿಡುವ ಕ್ರಮವನ್ನು ಅವರು ತಿಳಿಸುತ್ತಾರೆ.

ಬಣ್ಣ ಕುಂದಲ್ಲ, ರಕ್ತಹೀನತೆ ಕುಂದು

ಮುಖದಲ್ಲಿ ಕಳೆಯಿಲ್ಲವೆಂದು ಕ್ರೀಮು ಹುಡುಕುವ ಹುಡುಗಿಗೆ ನಿಜವಾಗಿ ಬೇಕಾದದ್ದು ಅನೇಕ ಸಲ ಕಬ್ಬಿಣದ ಸತ್ವ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರುಗಳು ಬಿಳಿಚಿಕೊಳ್ಳುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು, ಕೂದಲು ಉದುರುವುದು ಇದರ ಸೂಚನೆಗಳು. ಇವುಗಳಲ್ಲಿ ಒಂದಕ್ಕೂ ಕ್ರೀಮು ಮದ್ದಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದಿಷ್ಟು ರಕ್ತದ ಪರೀಕ್ಷೆಯಿಂದ ವಿಷಯ ತಿಳಿಯುತ್ತದೆ. ಗರ್ಭಿಣಿಯಲ್ಲದ ಹೆಣ್ಣಿನ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಸರ್ಕಾರದ ಕಾರ್ಯಕ್ರಮದಲ್ಲಿ ನೀಡಲಾಗುತ್ತದೆ. ಇದನ್ನು ಊಟದ ನಂತರ ನುಂಗಬೇಕು. ಮಲವು ಕಪ್ಪಾದರೆ ಗಾಬರಿ ಬೇಡ. ರಕ್ತಹೀನತೆ ಇರುವವರಿಗೆ ಎಷ್ಟು ಮಾತ್ರೆ ಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಜಂತುಹುಳುವಿನ ಮಾತ್ರೆಯನ್ನೂ ತಪ್ಪದೆ ಕೊಡಿಸಿರಿ.

ಆಹಾರದ ಕಡೆಗೂ ಗಮನವಿರಲಿ. ಬಸ್ಸು ತಪ್ಪೀತೆಂಬ ಅವಸರದಲ್ಲಿಯೋ ತೆಳ್ಳಗಾಗಬೇಕೆಂಬ ಆಸೆಯಿಂದಲೋ ಬೆಳಗಿನ ತಿಂಡಿ ಬಿಡುವ ಹುಡುಗಿಯರು ಬಹಳ. ರೊಟ್ಟಿ ಅಥವಾ ಮುದ್ದೆಯ ಜೊತೆಗೆ ನುಗ್ಗೆಸೊಪ್ಪು, ಮೊಳಕೆ ಕಾಳು, ಬೇಳೆ, ರೂಢಿಯಿರುವ ಮನೆಗಳಲ್ಲಿ ಮೊಟ್ಟೆ ಮಾಂಸ ಇರಲಿ. ಮೇಲೊಂದಿಷ್ಟು ನಿಂಬೆರಸ ಇಲ್ಲವೆ ನೆಲ್ಲಿಕಾಯಿ ಸೇರಿದರೆ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಒದಗುತ್ತದೆ. ಊಟದ ಜೊತೆಯಲ್ಲಿಯೇ ಚಹಾ, ಕಾಫಿ ಕುಡಿದರೆ ಅದು ಕುಗ್ಗುತ್ತದೆ. ಮನೆಯವರೆಲ್ಲರ ಊಟವಾದ ಮೇಲೆ ಉಳಿದದ್ದನ್ನು ಹೆಂಗಸರು ಉಣ್ಣುವ ಪದ್ಧತಿಯನ್ನು ಬಿಟ್ಟು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಎಲ್ಲಕ್ಕಿಂತ ದೊಡ್ಡ ಸೌಂದರ್ಯ ಸಾಧನ.

ಮೊಡವೆಯ ವಿಷಯ

ಹದಿಹರೆಯದಲ್ಲಿ ಚರ್ಮದ ಎಣ್ಣೆಗ್ರಂಥಿಗಳು ಚುರುಕಾಗುವುದರಿಂದ ಮೊಡವೆಗಳು ಏಳುತ್ತವೆ. ದಿನಕ್ಕೆರಡು ಸಲ ಸಾಧಾರಣ ಸಾಬೂನು ಮತ್ತು ನೀರಿನಿಂದ ಮುಖ ತೊಳೆದರೆ ಸಾಕು. ಮೊಡವೆಯನ್ನು ಚಿವುಟಿದರೆ ಕಲೆ ಉಳಿಯುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು. ಮೊಡವೆಗಳು ತೀವ್ರವಾಗಿದ್ದು, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಗದ್ದದ ಮೇಲೆ ಒರಟು ಕೂದಲು ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸುವುದು ಅವಶ್ಯ.

ಇತರ ಅಲಂಕಾರಗಳು

ಕಾಡಿಗೆ: ಗುರುತಿಲ್ಲದ ಸುರ್ಮಾ, ಕಾಡಿಗೆಗಳಲ್ಲಿ ಸೀಸ ಇರಬಹುದು. ಕಾಡಿಗೆಯ ಕಡ್ಡಿಯನ್ನು ಗೆಳತಿಯರೊಡನೆ ಹಂಚಿಕೊಳ್ಳಬಾರದು. ಮನೆಯ ಎಳೆಗೂಸಿನ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ.

ಮೆಹಂದಿ: ಎಲೆಯಿಂದ ಅರೆದ ಮದರಂಗಿಯು ಕೆಂಪು ಬಣ್ಣ ಕೊಡುತ್ತದೆ. ಕಪ್ಪು ಮೆಹಂದಿ ಎಂದು ಮಾರುವುದರಲ್ಲಿ ಕೂದಲ ಬಣ್ಣದ ರಾಸಾಯನಿಕವಿದ್ದು, ಕೆಲವರಿಗೆ ಗುಳ್ಳೆಗಳೇಳುತ್ತವೆ.

ಕಿವಿ, ಮೂಗು ಚುಚ್ಚಿಸುವುದು ಮತ್ತು ಹಚ್ಚೆ: ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ ಹಾಕುವುದುಂಟು. ಇದರಿಂದ ಕಾಮಾಲೆಯ ಹೆಪಟೈಟಿಸ್ ಬಿ ಮತ್ತು ಎಚ್.ಐ.ವಿ. ಸೋಂಕು ತಗಲಬಹುದು. ಹೊಸ ಸೂಜಿಯನ್ನೇ ಕೇಳಿ ಪಡೆಯಬೇಕು. 10 ಮತ್ತು 16ನೆಯ ವಯಸ್ಸಿನ ಟಿ.ಡಿ. ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಿರಿ.

ಉಡುಪು: ಬೆವರನ್ನು ಹೀರದ ಬಿಗಿಯಾದ ಬಟ್ಟೆಯು ತೊಡೆಸಂದುಗಳಲ್ಲಿ ಹುಳುಕಡ್ಡಿಗೆ ಎಡೆಮಾಡುತ್ತದೆ. ಒಳ ಉಡುಪು ಹತ್ತಿಯದಾಗಿರಲಿ. ಅದನ್ನೂ ಮುಟ್ಟಿನ ಬಟ್ಟೆಯನ್ನೂ ನಾಚಿಕೆಯಿಂದ ಮೂಲೆಯಲ್ಲಿ ಬಚ್ಚಿಡದೆ ಬಿಸಿಲಿನಲ್ಲಿ ಒಣಗಿಸಬೇಕು. ಉಡುಪಿನ ಮಾದರಿಯನ್ನು ಮಗಳು ಆರಿಸಲಿ. ವೆಚ್ಚದ ಮಿತಿಯನ್ನು ಮನೆಯವರೆಲ್ಲ ಕೂಡಿ ನಿಶ್ಚಯಿಸಲಿ.

ಮೊಬೈಲಿನಲ್ಲಿ ಕಾಣುವ ಮುಖ

ಕಲೆಯೊಂದೂ ಇಲ್ಲದ, ಗಾಜಿನಂತೆ ಹೊಳೆಯುವ ಮುಖಗಳನ್ನು ಹುಡುಗಿಯರು ಮೊಬೈಲಿನಲ್ಲಿ ನೋಡುತ್ತಾರೆ. ಆ ಹೊಳಪಿನಲ್ಲಿ ದೀಪದ ಬೆಳಕು, ದಪ್ಪ ಲೇಪನ ಮತ್ತು ಚಿತ್ರವನ್ನು ತಿದ್ದುವ ಯಂತ್ರದ ಕೈವಾಡವೇ ಹೆಚ್ಚು. ಇದನ್ನು ಮಗಳೊಡನೆ ಕುಳಿತು, ಅವಳು ಮೆಚ್ಚಿದ ಹಾಡನ್ನೂ ಕೇಳುತ್ತಾ ಮಾತನಾಡಬಹುದು. ಹೋಲಿಕೆಯಿಂದ ಮನಸ್ಸು ಕುಗ್ಗಿ, ಊಟ ನಿದ್ರೆ ಬಿಟ್ಟು, ಯಾರೊಡನೆಯೂ ಬೆರೆಯದಿದ್ದರೆ 14416 ಸಂಖ್ಯೆಗೆ ಕರೆ ಮಾಡಿ ಉಚಿತ ಮಾನಸಿಕ ಆರೋಗ್ಯ ಸಲಹೆ ಪಡೆಯಬಹುದು. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ.

ಕಾಲೇಜು ಬಿಡಿಸುವುದು ಪರಿಹಾರವಲ್ಲ

ಪಿ.ಯು. ತರಗತಿಗಳ ಹುಡುಗಿಗೆ ಸಾಮಾನ್ಯವಾಗಿ 16 ಅಥವಾ 17 ವರ್ಷ. ಸಿಂಗಾರ ಹೆಚ್ಚಾಯಿತೆಂದು ಈ ವಯಸ್ಸಿನಲ್ಲಿ ಮದುವೆ ಮಾಡುವುದು ಅಪರಾಧ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದ 2016ರ ತಿದ್ದುಪಡಿಯ ಮೇರೆಗೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. ಎಳೆವಯಸ್ಸಿನ ಬಸಿರಿನಲ್ಲಿ ರಕ್ತಹೀನತೆ, ರಕ್ತದೊತ್ತಡ, ಕಷ್ಟದ ಹೆರಿಗೆ, ಕಡಿಮೆ ತೂಕದ ಕೂಸು ಹೆಚ್ಚು. ತುಟಿಯ ಬಣ್ಣವನ್ನು ನೀರಿನಿಂದ ತೊಳೆಯಬಹುದು. ಕೈತಪ್ಪಿದ ವಿದ್ಯೆಯನ್ನು ಮರಳಿ ಪಡೆಯುವುದು ಸುಲಭವಲ್ಲ.

ಇದರಲ್ಲಿ ತಂದೆಯ ಪಾತ್ರವೂ ದೊಡ್ಡದು. "ಇದೆಲ್ಲ ಹೆಂಗಸರ ವಿಷಯ" ಎಂದು ಅವರು ದೂರ ಸರಿಯಬಾರದು. "ಸುಸ್ತಾಗುತ್ತದೆಯೇನವ್ವ? ನಾಳೆ ಆಸ್ಪತ್ರೆಗೆ ಹೋಗಿಬರೋಣ" ಎಂದು ತಂದೆಯೇ ಕೇಳಿದ ಮನೆಯಲ್ಲಿ ಮಗಳು ಮುಲಾಮನ್ನು ಬಚ್ಚಿಟ್ಟು ಹಚ್ಚುವುದಿಲ್ಲ.

ನೆನಪಿನಲ್ಲಿಡಿ

1. ಮಗಳ ಬಣ್ಣದ ಬಗ್ಗೆ ಮನೆಯಲ್ಲಿ ಹಗುರವಾಗಿ ಮಾತನಾಡಬೇಡಿ. ಇತರರು ಆಡಿದರೆ ತಡೆಯಿರಿ.

2. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಅವಧಿಯ ದಿನಾಂಕ ಇಲ್ಲದ ಕ್ರೀಮು ಕೊಳ್ಳಬೇಡಿ.

3. ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ಹಚ್ಚಬೇಡಿ.

4. ಮಗಳ ಮತ್ತು ತಾಯಿಯ ರಕ್ತಪರೀಕ್ಷೆ ಮಾಡಿಸಿರಿ. ಮಾತ್ರೆಗಳನ್ನು ತಪ್ಪದೆ ಸೇವಿಸುವಂತೆ ನೋಡಿಕೊಳ್ಳಿರಿ.

5. 18 ತುಂಬುವ ಮೊದಲು ಮದುವೆಯ ಮಾತು ಬೇಡ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098 ಸಂಖ್ಯೆಗೆ ತಿಳಿಸಿರಿ.

6. ಸಂಶಯ ಬಂದಾಗ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಸಂಕೋಚವಿಲ್ಲದೆ ವಿಚಾರಿಸಿರಿ.