ಲಂಗರು, ಬಾಣ, ಗರಿ

ಕೊಳಲು ಕಂಡರೆ ಕೃಷ್ಣ, ವೀಣೆ ಕಂಡರೆ ಸರಸ್ವತಿ, ಗದೆ ಕಂಡರೆ ಹನುಮಂತ. ಹೆಸರು ಬರೆದಿರದಿದ್ದರೂ ನಮ್ಮ ಮಕ್ಕಳು ಥಟ್ಟನೆ ಹೇಳಿಬಿಡುತ್ತಾರೆ. ಲಂಗರು, ಬಾಣ, ಖರ್ಜೂರದ ಗರಿ ಮೂರೂ ಒಟ್ಟಿಗೆ ಕಂಡರೆ? ಅದು ಸಂತ ಫಿಲೋಮಿನಾ. ಮೈಸೂರಿನ ದೊಡ್ಡ ಚರ್ಚು ಆಕೆಯ ಹೆಸರಿನದೇ.

1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಕಟ್ಟಡವಿದು. ಅವಳಿ ಗೋಪುರಗಳ ಎತ್ತರ 175 ಅಡಿ. ಇಡೀ ಕಟ್ಟಡದ ತಳವಿನ್ಯಾಸವೇ ಶಿಲುಬೆಯ ಆಕಾರದ್ದು. ಆದರೆ ಅದು ಪೂರ್ತಿ ಕಾಣುವುದು ಮೇಲೆ ಹಾರುವ ಪಾರಿವಾಳಗಳಿಗೆ ಮಾತ್ರ! ಒಳಗೆ ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ. ಅಕ್ಷರ ಬಾರದವರಿಗೂ ಕಥೆ ತಿಳಿಯಲೆಂದು ಯುರೋಪಿನಲ್ಲಿ ಹಿಂದೆ ಇಂಥ ಕಿಟಕಿಗಳೇ ಪುಸ್ತಕಗಳಾಗಿದ್ದವು. ನೆಲಮಾಳಿಗೆಯಲ್ಲಿ ಫಿಲೋಮಿನಾರ ಮಲಗಿದ ಪ್ರತಿಮೆ ಇದೆ.

ಆ ಮೂರು ಗುರುತುಗಳು ಬಂದದ್ದು ರೋಮಿನಿಂದ. 1802ರ ಮೇ ತಿಂಗಳಲ್ಲಿ ಅಲ್ಲಿನ ಪ್ರಿಸಿಲ್ಲಾ ಎಂಬ ನೆಲದಡಿಯ ಸಮಾಧಿ ಸುರಂಗದಲ್ಲಿ, ಮೂರು ಸುಟ್ಟಮಣ್ಣಿನ ಹೆಂಚುಗಳಿಂದ ಮುಚ್ಚಿದ ಒಂದು ಗೂಡು ಸಿಕ್ಕಿತು. ಹೆಂಚುಗಳ ಮೇಲೆ ಲ್ಯಾಟಿನ್ ಅಕ್ಷರಗಳು, ಜೊತೆಗೆ ಲಂಗರು, ಬಾಣ, ಗರಿಯ ಚಿತ್ರ. ಅಕ್ಷರಗಳನ್ನು ಇದ್ದಂತೆಯೇ ಓದಿದರೆ ಅರ್ಥವಾಗುತ್ತಿರಲಿಲ್ಲ. ಏಕೆಂದು ತಿಳಿಯಲು ನನ್ನ ಮೊಮ್ಮಗಳಿಗೆ ಮೂರು ಚೀಟಿ ಕೊಟ್ಟೆ:

ಲೋಮಿನಾ – ನಿನಗೆ ಶಾಂ – ತಿ ಇರಲಿ, ಫಿ

ಅರೆನಿಮಿಷದಲ್ಲೇ ಮೊದಲ ಚೀಟಿಯನ್ನು ಕೊನೆಗಿಟ್ಟಳು. ‘ನಿನಗೆ ಶಾಂತಿ ಇರಲಿ, ಫಿಲೋಮಿನಾ.’ ವಿದ್ವಾಂಸರು ಮಾಡಿದ್ದೂ ಅದನ್ನೇ.

ಚಿತ್ರಗಳನ್ನು ಓದುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ರಾಜನೊಬ್ಬ ಹುಡುಗಿಯನ್ನು ಲಂಗರಿಗೆ ಕಟ್ಟಿ ನದಿಗೆ ಎಸೆಸಿದ, ಬಾಣ ಬಿಡಿಸಿದ, ಆದರೂ ಆಕೆ ನಂಬಿಕೆ ಬಿಡಲಿಲ್ಲ ಎಂಬ ಕಥೆ ಆಮೇಲೆ ಹಬ್ಬಿತು. ಆದರೆ ಲಂಗರು ಆ ಕಾಲದ ಬೇರೆ ಎಷ್ಟೋ ಕ್ರೈಸ್ತ ಸಮಾಧಿಗಳ ಮೇಲೂ ಇದೆ. ಅವರನ್ನೆಲ್ಲ ನದಿಗೆ ಎಸೆದಿರಲಿಲ್ಲವಲ್ಲ! ಅಲೆ ಎದ್ದಾಗ ಹಡಗು ಕೊಚ್ಚಿಹೋಗದಂತೆ ಹಿಡಿಯುವ ಲಂಗರು ಅವರಿಗೆ ಭರವಸೆಯ ಗುರುತು. ಅದರ ಅಡ್ಡಪಟ್ಟಿಯಲ್ಲಿ ಶಿಲುಬೆಯೂ ಅಡಗಿದೆ. ರೋಮನ್ನರು ಗೆದ್ದವರಿಗೆ ಕೊಡುತ್ತಿದ್ದ ಗರಿ, ಸಾವನ್ನೂ ಗೆದ್ದವರ ಗುರುತಾಯಿತು. ಬಾಣದ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ನನಗೆ ಈ ಎರಡನೆಯ ಓದೇ ಸರಿಯೆನಿಸುತ್ತದೆ. 1961ರಲ್ಲಿ ವ್ಯಾಟಿಕನ್ ಕೂಡ ಫಿಲೋಮಿನಾರ ಹಬ್ಬವನ್ನು ಚರ್ಚಿನ ಪಂಚಾಂಗದಿಂದ ತೆಗೆಯಿತು. ಮೈಸೂರಿನ ಭಕ್ತರು ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ.

“ಹಾಗಾದರೆ ಕಥೆ ಸುಳ್ಳಾ ತಾತ?” ಮೊಮ್ಮಗಳ ಮುಖ ಸಣ್ಣಗಾಯಿತು.

ಕಥೆ ಏನೇ ಇರಲಿ ಮಗು, ಹೆಂಚುಗಳ ಹಿಂದೆ ಇದ್ದದ್ದು ಹೆಚ್ಚುಕಡಿಮೆ ನಿನ್ನ ವಯಸ್ಸಿನ ಹುಡುಗಿಯ ಮೂಳೆಗಳು ಎಂದೆ. ಅವಳು ಚೀಟಿಗಳನ್ನು ಮತ್ತೊಮ್ಮೆ ಓದಿಕೊಂಡಳು.